ದಾದಿಯ ಮಾತು, ಮಗುವಿನ ಕಿವಿ

1952ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್ ಎಂಬ ವೈದ್ಯಸಂಸ್ಥೆಯ ಸಭೆಯಲ್ಲಿ ಒಂದು ಚಲನಚಿತ್ರದ ಪ್ರದರ್ಶನ ನಡೆಯಿತು. ಅದರಲ್ಲಿ ಕಥೆಯಿರಲಿಲ್ಲ, ನಟರಿರಲಿಲ್ಲ, ಬಣ್ಣವಿರಲಿಲ್ಲ. ಲಾರಾ ಎಂಬ ಎರಡು ವರ್ಷ ಐದು ತಿಂಗಳಿನ ಹೆಣ್ಣುಮಗು ಹೊಕ್ಕುಳಿನ ಹರ್ನಿಯಾದ ಸಣ್ಣದೊಂದು ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಗೆ ಬಂದು, ಎಂಟು ದಿನಗಳನ್ನು ಅಲ್ಲಿ ಕಳೆದು, ಮನೆಗೆ ಹಿಂದಿರುಗಿದ್ದು—ಇಷ್ಟೇ ಅದರ ವಸ್ತು. ಚಿತ್ರ ತೆಗೆದ ಜೇಮ್ಸ್ ರಾಬರ್ಟ್‌ಸನ್ ವೈದ್ಯರಲ್ಲ. ಸ್ಕಾಟ್ಲೆಂಡಿನ ದುಡಿಯುವ ಮನೆತನದಿಂದ ಬಂದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆನಾ ಫ್ರಾಯ್ಡ್ ನಡೆಸುತ್ತಿದ್ದ ಶಿಶುನಿಲಯದಲ್ಲಿ ಬಾಯ್ಲರು ನೋಡಿಕೊಳ್ಳುವ, ಮುರಿದದ್ದನ್ನು ಸರಿಪಡಿಸುವ ಕೆಲಸಕ್ಕೆ ಸೇರಿ, ಅಲ್ಲಿಯೇ ಮಕ್ಕಳನ್ನು ನೋಡುವ ಕಣ್ಣನ್ನು ಸಂಪಾದಿಸಿಕೊಂಡವರು. ಬೇಕೆಂದೇ ಅಳುವ ಗಳಿಗೆಗಳನ್ನು ಆರಿಸಿ ತೋರಿಸಿದರೆಂಬ ಆಕ್ಷೇಪಣೆ ಬಾರದಿರಲೆಂದು, ಪ್ರತಿದಿನವೂ ಗೊತ್ತಾದ ವೇಳೆಗೇ ಅವರು ಕ್ಯಾಮೆರಾ ತಿರುಗಿಸಿದರು.

ಲಾರಾ ಹಠಮಾರಿ ಹುಡುಗಿಯಲ್ಲ. ವಯಸ್ಸಿಗೆ ಮೀರಿದ ಸಂಯಮ ಅವಳದು. ಆಟದ ಸಾಮಾನು ಹಿಡಿದು ದಾದಿ ಬಂದರೆ ಆಡುತ್ತಾಳೆ; ಆಡುತ್ತಾಡುತ್ತ ಇದ್ದಕ್ಕಿದ್ದಂತೆ, ಮೆಲುದನಿಯಲ್ಲಿ, ‘ನನ್ನಮ್ಮ ಎಲ್ಲಿ?’ ಎಂದು ಕೇಳುತ್ತಾಳೆ. ಉಕ್ಕಿಬರುವ ಅಳುವನ್ನು ತುಟಿ ಕಚ್ಚಿ ನುಂಗುತ್ತಾಳೆ. ಕೊನೆಯ ದಿನ ತಾಯಿ ಕರೆದೊಯ್ಯಲು ಬಂದಾಗ ತನ್ನ ಸಾಮಾನುಗಳನ್ನೆಲ್ಲ ಒಂದೂ ಬಿಡದೆ ಎತ್ತಿಕೊಳ್ಳುತ್ತಾಳೆ. ಆದರೆ ತಾಯಿ ಚಾಚಿದ ಕೈಯನ್ನು ಮಾತ್ರ ಹಿಡಿಯುವುದಿಲ್ಲ.

ಅಂದಿನ ಇಂಗ್ಲೆಂಡಿನ ಆಸ್ಪತ್ರೆಗಳ ರೀತಿಯನ್ನು ತಿಳಿಯದವರಿಗೆ ಈ ಕೈ ಹಿಡಿಯದ ದೃಶ್ಯದ ತೀಕ್ಷ್ಣತೆ ಹೊಳೆಯಲಾರದು. ವಾರಕ್ಕೊಂದು ಸಲ, ಭಾನುವಾರ ಮಧ್ಯಾಹ್ನ ಒಂದೆರಡು ಗಂಟೆ ತಂದೆತಾಯಿಗಳು ಬಂದು ನೋಡಬಹುದು ಎಂಬುದು ಎಷ್ಟೋ ಕಡೆಗಳಲ್ಲಿದ್ದ ನಿಯಮ. ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯಲ್ಲಂತೂ ಮೊದಲ ತಿಂಗಳು ಭೇಟಿಯೇ ಇಲ್ಲ. ಸಂಜೆ ಏಳರಿಂದ ಎಂಟರವರೆಗೆ, ಮಗು ನಿದ್ದೆ ಹೋದ ಮೇಲೆ, ದೂರದಿಂದ ನೋಡಿ ಹೋಗಬಹುದಾಗಿತ್ತು. ಇದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಗಂಟಲಮಾರಿಯಂಥ ಅಂಟುಜಾಡ್ಯಗಳ ಭಯ ಹಿಂದಿನ ತಲೆಮಾರಿನಿಂದ ಉಳಿದು ಬಂದಿತ್ತು. ಆದರೆ ದಾದಿಯರ ಬಾಯಲ್ಲಿ ಹೆಚ್ಚಾಗಿ ಕೇಳಿಬರುತ್ತಿದ್ದ ಸಮರ್ಥನೆ ಬೇರೆ: ‘ತಾಯಿ ಬಂದು ಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ.’ ಕೆಲಸದ ಹಂಚಿಕೆಯೂ ಹಾಗೆಯೇ ಇತ್ತು. ಒಬ್ಬಳು ಜ್ವರ ನೋಡುವವಳು, ಇನ್ನೊಬ್ಬಳು ಮೈತೊಳೆಸುವವಳು, ಮತ್ತೊಬ್ಬಳು ಉಣಿಸುವವಳು. ಹತ್ತು ಕೈಗಳು ಮಗುವನ್ನು ಮುಟ್ಟುತ್ತಿದ್ದವು. ಯಾವ ಕೈಯೂ ತನ್ನದೆಂದು ಅದಕ್ಕೆ ಅನ್ನಿಸುತ್ತಿರಲಿಲ್ಲ.

ತಾಯಿಯನ್ನಗಲಿದ ಎಳೆಯ ಮಗು ಮೂರು ಹಂತಗಳನ್ನು ಹಾಯುತ್ತದೆಯೆಂದು ರಾಬರ್ಟ್‌ಸನ್ ಕಂಡುಕೊಂಡರು. ಮೊದಲು ಪ್ರತಿಭಟನೆ: ಅಳು, ಕೂಗು, ತೊಟ್ಟಿಲ ಸರಳು ಹಿಡಿದು ಅಲ್ಲಾಡಿಸುವುದು. ಆಮೇಲೆ ನಿರಾಶೆ: ಮೂಲೆ ಹಿಡಿದು ಮೌನವಾಗಿ ಕೂಡುವುದು. ಕೊನೆಗೆ ವಿಮುಖತೆ: ಯಾರು ಬಂದರೂ ನಗುವುದು, ಕೊಟ್ಟದ್ದನ್ನು ತಿನ್ನುವುದು, ತಾಯಿ ಬಂದರೆ ಗುರುತೇ ಇಲ್ಲದವರಂತಿರುವುದು. ವಿಪರ್ಯಾಸವೆಂದರೆ, ವಾರ್ಡಿನ ದಾದಿಯರು ಮೊದಲನೆಯದನ್ನು ‘ತೊಂದರೆ ಕೊಡುವ ಮಗು’ ಎಂದೂ, ಎರಡನೆಯ ಮೂರನೆಯದನ್ನು ‘ಹೊಂದಿಕೊಂಡ ಮಗು’ ಎಂದೂ ಬರೆದುಕೊಳ್ಳುತ್ತಿದ್ದರು. ದಾದಿಯರು ಕ್ರೂರಿಗಳಾಗಿದ್ದರೆಂದಲ್ಲ. ಅವರಲ್ಲಿ ಬಹುಮಂದಿ ಮಕ್ಕಳನ್ನು ಪ್ರೀತಿಸಿಯೇ ಆ ವೃತ್ತಿಗೆ ಬಂದವರು. ಮಗುವಿನ ಮೌನವನ್ನು ಓದಲು ಅವರಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೆ.

ಚಿತ್ರ ಮುಗಿದಾಗ ಸಭೆ ಕೆರಳಿತು. ಈತ ವೈದ್ಯವೃತ್ತಿಗೆ ಮಸಿ ಬಳಿದಿದ್ದಾನೆ ಎಂಬ ಕೂಗೆದ್ದಿತು. ಆದರೆ ನೋಡಿದ್ದನ್ನು ನೋಡಿಲ್ಲವೆನ್ನುವುದು ಸುಲಭವಲ್ಲ. ಆಮರ್ಷಮ್ ಎಂಬ ಊರಿನ ಮಕ್ಕಳ ವೈದ್ಯ ಡರ್ಮಡ್ ಮೆಕಾರ್ಥಿ ಮೊದಲು ಸಿಟ್ಟಾದವರೇ. ಹಿಂದಿರುಗಿ ತಮ್ಮ ವಾರ್ಡಿನಲ್ಲಿಯೂ ಲಾರಾಗಳಿರುವುದನ್ನು ಕಂಡರು. ವಾರ್ಡಿನ ಹಿರಿಯ ದಾದಿ ಐವಿ ಮಾರಿಸ್‌ರೊಡನೆ ಸೇರಿ ತಾಯಂದಿರು ಮಗುವಿನ ಜೊತೆಯಲ್ಲಿಯೇ ತಂಗುವ ಏರ್ಪಾಡು ಮಾಡಿದರು. 1958ರಲ್ಲಿ ರಾಬರ್ಟ್‌ಸನ್ ಅದೇ ವಾರ್ಡಿನಲ್ಲಿ ಎರಡನೆಯ ಚಿತ್ರ ತೆಗೆದರು. ಈ ಬಾರಿ ತಾಯಿಯೊಡನೆ ಆಸ್ಪತ್ರೆಗೆ ಹೋದ ಮಗುವಿನದು. ಮರುವರ್ಷ, 1959ರಲ್ಲಿ, ಸರ್ ಹ್ಯಾರಿ ಪ್ಲಾಟ್ ಅಧ್ಯಕ್ಷತೆಯ ಸರಕಾರಿ ಸಮಿತಿ ತನ್ನ ವರದಿಯಲ್ಲಿ, ಭೇಟಿಗೆ ಕಟ್ಟುಪಾಡು ಬೇಡ, ಎಳೆಯ ಮಕ್ಕಳೊಡನೆ ತಾಯಿ ತಂಗಲು ಅವಕಾಶವಿರಲಿ, ಮಗುವಿನ ಮನಸ್ಸನ್ನರಿಯುವ ಶಿಕ್ಷಣ ದಾದಿಯರಿಗೆ ದೊರೆಯಲಿ ಎಂದು ಶಿಫಾರಸು ಮಾಡಿತು. ಶಿಫಾರಸು ಆದಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ. 1961ರಲ್ಲಿ ಲಂಡನ್ನಿನ ಬ್ಯಾಟರ್ಸಿ ಬಡಾವಣೆಯ ತಾಯಂದಿರು ಸಂಘ ಕಟ್ಟಿಕೊಂಡು ಒಂದೊಂದೇ ಆಸ್ಪತ್ರೆಯ ಕದ ತಟ್ಟಬೇಕಾಯಿತು.

ನಮ್ಮ ಓದುಗರಿಗೆ ಇದೆಲ್ಲ ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ಕರ್ನಾಟಕದ ಯಾವ ಜಿಲ್ಲಾ ಆಸ್ಪತ್ರೆಗಾದರೂ ಹೋಗಿ ನೋಡಿ: ಮಗುವಿನ ಮಂಚದ ಮೇಲೆ ತಾಯಿ, ಮಂಚದ ಕೆಳಗೆ ಚಾಪೆಯ ಮೇಲೆ ಅಜ್ಜಿ, ಬಾಗಿಲಲ್ಲಿ ಊಟದ ಕ್ಯಾರಿಯರ್ ಹಿಡಿದ ಸೋದರಮಾವ. ಇವರನ್ನು ಹೊರಗಟ್ಟಿದರೆ ವಾರ್ಡೇ ನಡೆಯದು. ಇದು ನಮ್ಮ ಜಾಣತನವೆಂದು ಬೀಗುವ ಮೊದಲು ಒಂದು ಮಾತು ನೆನೆಯಬೇಕು. ಬೋಧನಾ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೊಬ್ಬ ದಾದಿ, ಉಳಿದೆಡೆ ಐವರಿಗೊಬ್ಬರು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತು ಗೊತ್ತುಪಡಿಸಿದ ಪ್ರಮಾಣ. ವಾರ್ಡಿನಲ್ಲಿ ರಾತ್ರಿಪಾಳಿಯ ದಾದಿಯ ಪಾಲಿಗೆ ಬರುವ ಮಂಚಗಳನ್ನು ಎಣಿಸಿದವರಿಗೆ, ನಮ್ಮ ತಾಯಂದಿರು ಒಳಗಿರುವುದು ತತ್ತ್ವದಿಂದಲ್ಲ, ಕೈ ಸಾಲದೆ ಎಂಬುದು ತಿಳಿಯುತ್ತದೆ. ಒಳಗಿದ್ದಾಳೆ ಎಂದಮಾತ್ರಕ್ಕೆ ಅವಳೊಡನೆ ಯಾರಾದರೂ ಮಾತನಾಡಿದರು ಎಂದು ಅರ್ಥವಲ್ಲ. ‘ಹದಿನಾಲ್ಕನೇ ಬೆಡ್ಡಿನ ತಾಯಿ ಎಲ್ಲಿ?’ ಎಂಬ ಕೂಗಿನಲ್ಲಿ ಮಗುವಿಗೂ ಹೆಸರಿಲ್ಲ, ತಾಯಿಗೂ ಹೆಸರಿಲ್ಲ.

ಬಲ್ಲ ದಾದಿ ಹೆಸರಿನಿಂದಲೇ ಆರಂಭಿಸುತ್ತಾಳೆ. (ಇಂದು ಈ ವೃತ್ತಿಯಲ್ಲಿ ಗಂಡಸರೂ ಇದ್ದಾರೆ; ಸರಕಾರಿ ಕಾಗದಗಳಲ್ಲಿ ಶುಶ್ರೂಷಾಧಿಕಾರಿ ಎಂಬ ಹೆಸರೂ ಉಂಟು. ಜನರ ಬಾಯಲ್ಲಿ ಮಾತ್ರ ಆಕೆ ‘ಸಿಸ್ಟರ್’.) ಕಾಗದದ ಮೇಲಿನ ಹೆಸರಲ್ಲ, ಮನೆಯಲ್ಲಿ ಕರೆಯುವ ಹೆಸರು. ಪುಟ್ಟಿ, ಚಿನ್ನು, ಅಪ್ಪಿ—ಯಾವುದಾದರೂ ಸರಿ, ತಾಯಿಯನ್ನು ಕೇಳಿ ತಿಳಿದುಕೊಳ್ಳುತ್ತಾಳೆ. ಆಮೇಲೆ ನೇರವಾಗಿ ಮಗುವಿನ ಮೇಲೆರಗುವುದಿಲ್ಲ. ಮೊದಲು ತಾಯಿಯೊಡನೆ ನಾಲ್ಕು ಮಾತು. ತಾಯಿ ನಕ್ಕದ್ದನ್ನು ಮಗು ನೋಡಲಿ. ಆಮೇಲೆ ಮಗುವಿನ ಕೈಯಲ್ಲಿರುವ ಬೊಂಬೆಯೊಡನೆ ಮಾತು. ಕಟ್ಟಕಡೆಗೆ, ಮೊಣಕಾಲೂರಿ ಅದರ ಕಣ್ಣಿನ ಮಟ್ಟಕ್ಕೆ ಇಳಿದು, ಮಗುವಿನೊಡನೆ. ನಿಂತು ಮಾತನಾಡುವ ದೊಡ್ಡವರು ನಾಲ್ಕು ವರ್ಷದ ಮಗುವಿಗೆ ಎಷ್ಟು ಎತ್ತರವಾಗಿ ಕಾಣುತ್ತಾರೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

ಚಿಕ್ಕ ಮಕ್ಕಳು ಮಾತನ್ನು ವಾಚ್ಯಾರ್ಥದಲ್ಲಿಯೇ ಹಿಡಿಯುತ್ತಾರೆ. ಲಕ್ಷಣೆ, ವ್ಯಂಜನೆಗಳು ಅವರಿಗೆ ತಿಳಿಯವು. ‘ನಿನ್ನ ರಕ್ತ ತೆಗೆದುಕೊಳ್ಳುತ್ತೇನೆ’ ಎಂದರೆ ಇದ್ದ ರಕ್ತವೆಲ್ಲ ಹೋಯಿತೆಂದೇ ಲೆಕ್ಕ. ಸೂಜಿ ಚುಚ್ಚಿದ ತೂತಿನಿಂದ ಮೈಯೊಳಗಿನದೆಲ್ಲ ಸೋರಿಹೋದೀತೆಂಬ ಭಯವೂ ಈ ವಯಸ್ಸಿಗೆ ಉಂಟು. ಆದುದರಿಂದಲೇ ಮೂರು ವರ್ಷದ ಹುಡುಗ ಒಂದು ತುಂಡು ಪಟ್ಟಿ ಅಂಟಿಸಿದೊಡನೆ ಸಮಾಧಾನಗೊಳ್ಳುತ್ತಾನೆ. ‘ಆಪರೇಷನ್ನಿಗೆ ಮುಂಚೆ ನಿದ್ದೆ ಬರಿಸುತ್ತೇವೆ’ ಎಂಬ ಮಾತು ದೊಡ್ಡವರ ಕಿವಿಗೆ ಎಷ್ಟು ಹಿತವೋ, ‘ತಾತ ನಿದ್ದೆ ಹೋಗಿದ್ದಾರೆ’ ಎಂದು ಮಣ್ಣಿಗೆ ಹೋದ ತಾತನ ವಿಷಯದಲ್ಲಿ ಹೇಳಿಸಿಕೊಂಡ ಮಗುವಿಗೆ ಅಷ್ಟೇ ಭಯಂಕರ. ಅಲ್ಲಿ ಒಂದು ಮಾತನ್ನು ಸೇರಿಸಬೇಕು: ‘ಇದು ಮನೆಯಲ್ಲಿ ಮಾಡುವ ನಿದ್ದೆಯಲ್ಲ, ಔಷಧದ ನಿದ್ದೆ. ಕೆಲಸ ಮುಗಿದ ಮೇಲೆ ಡಾಕ್ಟರು ನಿನ್ನನ್ನು ಎಬ್ಬಿಸುತ್ತಾರೆ. ಎದ್ದಾಗ ಅಮ್ಮ ಬರುತ್ತಾಳೆ.’ ಇದಕ್ಕಿಂತ ಆಳದಲ್ಲಿ ಇನ್ನೊಂದು ಸಂದೇಹ ಕುಳಿತಿರುತ್ತದೆ. ತಾನು ತಪ್ಪು ಮಾಡಿದ್ದಕ್ಕೇ ಈ ಕಾಯಿಲೆ ಬಂತು, ಇದು ಶಿಕ್ಷೆ ಎಂದು ಎಳೆಯರು ನಂಬುವುದುಂಟು. ಅದನ್ನು ಬಾಯಿಬಿಟ್ಟು ಹೇಳುವ ಮಗು ಅಪರೂಪ. ಕೇಳದೆಯೇ ಹೇಳುವುದು ದಾದಿಯ ಕೆಲಸ: ‘ನೀನು ಏನೂ ಮಾಡಿದ್ದಕ್ಕೆ ಜ್ವರ ಬಂದದ್ದಲ್ಲ, ಮರಿ.’

ಈ ನಂಬಿಕೆಗೆ ನೀರೆರೆಯುವವರು ನಾವೇ. ‘ಅತ್ತರೆ ಸಿಸ್ಟರಿಗೆ ಹೇಳಿ ಸೂಜಿ ಹಾಕಿಸ್ತೀನಿ ನೋಡು’ ಎಂಬ ಬೆದರಿಕೆಯನ್ನು ಕೇಳದ ಕನ್ನಡ ಮಗು ಇದೆಯೇ? ಗುಮ್ಮ ಹಳಬನಾದ, ಅವನ ಜಾಗಕ್ಕೆ ಬಿಳಿಯ ಉಡುಪಿನ ದಾದಿ ಬಂದಿದ್ದಾಳೆ. ಅನುಭವಸ್ಥ ದಾದಿ ಇದನ್ನು ಕೇಳಿಸಿಕೊಂಡಾಗ ತಾಯಿಯನ್ನು ಎಲ್ಲರೆದುರಿಗೆ ಗದರಿಸುವುದಿಲ್ಲ. ‘ಅಮ್ಮ ಸುಮ್ಮನೆ ಹೇಳಿದರು ಪುಟ್ಟಾ. ಅತ್ತವರಿಗೆಲ್ಲ ಸೂಜಿ ಹಾಕುವುದಿಲ್ಲ. ಅಳಬೇಕೆನಿಸಿದರೆ ಅಳು, ಕೈ ಮಾತ್ರ ಅಲ್ಲಾಡಿಸಬೇಡ’ ಎನ್ನುತ್ತಾಳೆ. ಮಗುವಿಗೂ ಉತ್ತರ ಸಿಕ್ಕಿತು, ತಾಯಿಗೂ ಸೂಚನೆ ಸಿಕ್ಕಿತು.

ಸೂಜಿಯ ವಿಷಯದಲ್ಲಿ ನಮ್ಮಲ್ಲಿ ಮತ್ತೊಂದು ಅಭ್ಯಾಸ ಬೇರೂರಿದೆ—ಸುಳ್ಳು. ‘ಏನೂ ನೋವಾಗೋದಿಲ್ಲ, ಇರುವೆ ಕಚ್ಚಿದ ಹಾಗೆ’ ಎಂದು ಹೇಳಿ ಚುಚ್ಚಿದರೆ ಆ ದಿನದ ಕೆಲಸ ಮುಗಿಯುತ್ತದೆ. ಮರುದಿನದಿಂದ ಆ ದಾದಿಯ ಮಾತಿಗೆ ಬೆಲೆಯಿಲ್ಲ. ಲಸಿಕೆಯ ವೇಳೆಯ ನೋವನ್ನು ತಗ್ಗಿಸುವ ಬಗೆಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಸಲಹೆಯಲ್ಲಿ ಈ ಮಾತಿನ ವಿಚಾರವೂ ಸೇರಿದೆಯೆಂಬುದು ಗಮನಾರ್ಹ. ‘ಈಗ ಚುಚ್ಚುತ್ತೆ ನೋಡು’ ಎಂದು ಹೆದರಿಸಲೂ ಬೇಡಿ, ‘ಒಂದೇ ಕ್ಷಣ, ಏನಿಲ್ಲ’ ಎಂದು ಸುಳ್ಳು ಭರವಸೆ ಕೊಡಲೂ ಬೇಡಿ. ‘ಈಗ ಶುರು ಮಾಡ್ತೇನೆ’ ಎಂಬಂಥ ಸಮವಾದ ಮಾತು ಸಾಕು ಎನ್ನುತ್ತದೆ ಆ ಸಲಹೆ. ಕೂಸಾದರೆ ತಾಯಿಯ ತೋಳಿನಲ್ಲಿರಲಿ, ಹಾಲು ಕುಡಿಯುತ್ತಿರಲಿ. ಎರಡು ಲಸಿಕೆಗಳಿದ್ದರೆ ಹೆಚ್ಚು ನೋಯುವುದು ಕೊನೆಗಿರಲಿ. ನಾಲ್ಕು ಜನ ಕೈಕಾಲು ಅದುಮಿ ಅಂಗಾತ ಮಲಗಿಸುವ ಪದ್ಧತಿಗಿಂತ, ತೊಡೆಯ ಮೇಲೆ ಕೂರಿಸಿ ತಾಯಿ ತಬ್ಬಿ ಹಿಡಿಯುವುದರಿಂದ ಮಗುವಿನ ಭಯ ಎಷ್ಟೋ ಪಾಲು ಇಳಿಯುತ್ತದೆ. ಸಂಶೋಧಕರು ಕಂಡ ಇನ್ನೊಂದು ಸಂಗತಿ ಅನೇಕರಿಗೆ ಹೊಸದಾದೀತು: ‘ಏನಿಲ್ಲ ಕಂದಾ, ಏನಿಲ್ಲ’ ಎಂದು ದೊಡ್ಡವರು ಮತ್ತೆ ಮತ್ತೆ ಹೇಳಿದಷ್ಟೂ ಮಗುವಿನ ಗಾಬರಿ ಹೆಚ್ಚಾಗುತ್ತದೆ. ಏನೂ ಇಲ್ಲದಿದ್ದರೆ ಇವರೇಕೆ ಇಷ್ಟು ಹೇಳುತ್ತಾರೆ ಎಂಬುದು ಅದರ ತರ್ಕ. ಅದರ ಬದಲು ಊರಿನ ಜಾತ್ರೆಯ ಮಾತು ತೆಗೆದರೆ, ಮನೆಯ ಕರುವಿನ ಹೆಸರು ಕೇಳಿದರೆ, ಮನಸ್ಸು ಆ ಕಡೆ ಹರಿಯುತ್ತದೆ.

ಮಗುವಿಗೆ ಆಯ್ಕೆ ಕೊಡಬೇಕೆಂಬುದು ದಾದಿಯರ ಪಾಠಗಳಲ್ಲಿ ಬರುವ ಮಾತು. ಇಲ್ಲಿ ಎಚ್ಚರ ಬೇಕು. ‘ಔಷಧ ಕುಡಿಯುತ್ತೀಯಾ?’ ಎಂದರೆ ‘ಇಲ್ಲ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಆಮೇಲೆ ಬಲವಂತವಾಗಿ ಕುಡಿಸಿದರೆ ಕೇಳಿದ್ದೇ ಮೋಸವೆನಿಸುತ್ತದೆ. ‘ಚಮಚದಲ್ಲಿ ಕುಡಿಯುತ್ತೀಯೋ, ಲೋಟದಲ್ಲೋ? ಎಡಗೈಗೋ ಬಲಗೈಗೋ?’ ಎಂಬುದು ನಿಜವಾದ ಆಯ್ಕೆ. ಬೊಂಬೆಗೆ ಮೊದಲು ಪಟ್ಟಿ ಕಟ್ಟಿಸಿ, ಬೊಂಬೆಯ ಎದೆಗೆ ಮಗುವಿನ ಕೈಯಿಂದಲೇ ಸ್ಟೆತಾಸ್ಕೋಪು ಇಡಿಸುವ ಪದ್ಧತಿಯೂ ಒಳ್ಳೆಯದು. ಆಸ್ಪತ್ರೆಯಲ್ಲಿ ಆಟವೂ ಚಿಕಿತ್ಸೆಯ ಭಾಗವೆಂದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಎಮ್ಮಾ ಪ್ಲ್ಯಾಂಕ್ 1955ರಲ್ಲಿಯೇ ವ್ಯವಸ್ಥಿತವಾಗಿ ಆರಂಭಿಸಿದ್ದರು. ಹತ್ತು ಹನ್ನೆರಡು ದಾಟಿದ ಮಕ್ಕಳ ರೀತಿ ಬೇರೆ: ಅವರಿಗೆ ಬೊಂಬೆ ಅವಮಾನ. ಮರೆಯ ಪರದೆ ಬೇಕು, ತಾಯಿ ಇಲ್ಲದಾಗ ಐದು ನಿಮಿಷ ಬೇಕು, ತಮ್ಮ ಕಾಯಿಲೆಯ ಹೆಸರನ್ನು ತಮಗೇ ಹೇಳುವವರು ಬೇಕು.

ನೋವನ್ನು ಅಳೆಯುವ ಬಗೆಯಲ್ಲಿ ದಾದಿಯೊಬ್ಬರ ಕಾಣಿಕೆ ವಿಶೇಷವಾದುದು. ಎಳೆಯ ಮಗುವಿಗೆ ‘ಎಷ್ಟು ನೋವಿದೆ?’ ಎಂದು ಕೇಳಿದರೆ ಹೇಳಲು ಅಂಕಿಯೂ ಗೊತ್ತಿಲ್ಲ, ಮಾತೂ ಗೊತ್ತಿಲ್ಲ. 1981ರ ಸುಮಾರಿಗೆ ಅಮೆರಿಕದ ಒಕ್ಲಹೋಮಾ ಪ್ರಾಂತದ ಟಲ್ಸಾ ನಗರದಲ್ಲಿ ಸುಟ್ಟಗಾಯದ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ದಾದಿ ಡೋನಾ ವಾಂಗ್ ಮತ್ತು ಅವರ ಸಹೋದ್ಯೋಗಿ ಕಾನಿ ಬೇಕರ್ ಈ ತೊಡಕಿಗೆ ಮಕ್ಕಳಲ್ಲಿಯೇ ಉತ್ತರ ಹುಡುಕಿದರು. ಆರು ಬರಿಯ ವೃತ್ತಗಳನ್ನು ಮಕ್ಕಳ ಕೈಗೆ ಕೊಟ್ಟು, ನೋವಿಲ್ಲದ ಮುಖದಿಂದ ಅತಿ ನೋವಿನ ಮುಖದವರೆಗೆ ಬರೆಯಿರೆಂದರು. ಮಕ್ಕಳು ಬರೆದ ಮುಖಗಳಿಂದ ಹುಟ್ಟಿದ ಆ ಆರು ಚಿತ್ರಗಳ ಪಟ್ಟಿ ಇಂದು ಜಗತ್ತಿನ ಲೆಕ್ಕವಿಲ್ಲದಷ್ಟು ವಾರ್ಡುಗಳ ಗೋಡೆಯ ಮೇಲಿದೆ. ಮೂರು ವರ್ಷ ದಾಟಿದ ಮಗು ಬೆರಳಿಟ್ಟು ತೋರಿಸಬಲ್ಲದು. ಕೊನೆಯ ಮುಖದ ಕಣ್ಣಲ್ಲಿ ನೀರಿದೆ. ಆದರೆ ಅಷ್ಟು ನೋವಿದೆ ಎನ್ನಲು ಅಳುತ್ತಲೇ ಇರಬೇಕಾಗಿಲ್ಲವೆಂದು ಮಗುವಿಗೆ ಬಿಡಿಸಿ ಹೇಳಬೇಕು. ಅಳದ ಲಾರಾಗಳು ಎಲ್ಲ ಊರಿನಲ್ಲಿಯೂ ಇದ್ದಾರಲ್ಲವೆ?

ಇನ್ನು ಮನೆಯವರ ಮಾತು. ನಮ್ಮ ವಾರ್ಡುಗಳಲ್ಲಿ ದಿನವೂ ನಡೆಯುವ ಒಂದು ದೃಶ್ಯವುಂಟು. ದೊಡ್ಡ ಡಾಕ್ಟರು ಶಿಷ್ಯವೃಂದದೊಡನೆ ಬಂದು, ಅರ್ಧ ಇಂಗ್ಲಿಷಿನಲ್ಲಿ ನಾಲ್ಕು ಮಾತನಾಡಿ, ಮುಂದಿನ ಮಂಚಕ್ಕೆ ಹೋಗುತ್ತಾರೆ. ತಲೆಯಾಡಿಸಿ ನಿಂತಿದ್ದ ತಂದೆ, ಅವರು ಮರೆಯಾದೊಡನೆ, ದಾದಿಯ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳುತ್ತಾನೆ: ‘ಡಾಕ್ಟರು ಏನಂದ್ರು ಸಿಸ್ಟರ್?’ ಈ ಪ್ರಶ್ನೆಗೆ ‘ಅವರನ್ನೇ ಕೇಳಿ’ ಎಂಬ ಉತ್ತರವಿದೆ. ಅದರಿಂದ ದಾದಿಗೆ ತೊಂದರೆಯಿಲ್ಲ. ಇನ್ನೊಂದು ಉತ್ತರವೂ ಇದೆ: ‘ಅವರು ಹೇಳಿದ್ದರಲ್ಲಿ ನಿಮಗೆ ಏನು ತಿಳೀತು, ಹೇಳಿ ನೋಡೋಣ.’ ಆಗ ಹೊರಬೀಳುವ ಮಾತು ಎಷ್ಟೋ ಸಲ ಡಾಕ್ಟರು ಹೇಳಿದ್ದಕ್ಕೆ ತೀರ ವಿರುದ್ಧವಾಗಿರುತ್ತದೆ. ಬೆನ್ನುಹುರಿಯ ನೀರು ತೆಗೆದು ಪರೀಕ್ಷಿಸಬೇಕೆಂದರೆ ಮಗುವಿನ ಕಾಲು ಬಿದ್ದುಹೋಗುತ್ತದೆಂದು ತಂದೆ ಹೆದರಿರುತ್ತಾನೆ. ಸಹಿ ಹಾಕದೆ, ರಾತ್ರೋರಾತ್ರಿ ಮಗುವನ್ನೆತ್ತಿಕೊಂಡು ಊರಿಗೆ ಹೊರಡುವ ಯೋಚನೆಯಲ್ಲಿರುತ್ತಾನೆ. ಮಿದುಳಿನ ಜ್ವರದ ಮಗು ಹಾಗೆ ಹೊರಟುಹೋದರೆ ಮುಂದೇನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ಆ ಹೊತ್ತಿನಲ್ಲಿ ಒಂದು ಜೀವ ದಾದಿಯ ಐದು ನಿಮಿಷದ ಮಾತಿಗೆ ಜೋತುಬಿದ್ದಿರುತ್ತದೆ. ತನಗೆ ತಿಳಿದಷ್ಟನ್ನು ಆಕೆ ಹೇಳಬೇಕು. ತಾನು ಹೇಳಬಾರದ್ದಿದ್ದರೆ ಡಾಕ್ಟರನ್ನು ಮರಳಿ ಕರೆತಂದು, ಪಕ್ಕದಲ್ಲಿ ನಿಂತು, ಕನ್ನಡಕ್ಕೆ ಇಳಿಸಬೇಕು.

ಕನ್ನಡವೆಂದರೂ ಯಾವ ಕನ್ನಡ? ಬೆಂಗಳೂರಿನ ಮಕ್ಕಳ ಆಸ್ಪತ್ರೆಗಳಿಗೆ ರಾಯಚೂರು ಕಲಬುರಗಿಗಳಿಂದಲೂ ಮಕ್ಕಳು ಬರುತ್ತಾರೆ. ದಾದಿಯರಲ್ಲಿ ಕೇರಳದಿಂದ ಬಂದು ಇಲ್ಲಿಯೇ ಕನ್ನಡ ಕಲಿತವರು ಬಹುಮಂದಿ. ‘ಹೊಟ್ಟಿ ಬ್ಯಾನಿ’ ಎಂದರೆ ಹೊಟ್ಟೆನೋವೆಂದು ತಿಳಿಯಬೇಕು. ‘ಮೈಮೇಲೆ ಅಮ್ಮ ಬಂದಾಳೆ’ ಎಂದರೆ ಸಿಡುಬಿನ ಜಾತಿಯ ಗುಳ್ಳೆಗಳೆದ್ದಿವೆ ಎಂದರ್ಥ; ಅದನ್ನು ಕಾಯಿಲೆಯೆಂದು ಕರೆಯಲು ಆ ತಾಯಿ ಅಂಜುತ್ತಾಳೆ. ದೃಷ್ಟಿ ತಾಗಿದೆಯೆಂದು ಕಟ್ಟಿದ ಕರಿದಾರವನ್ನು ಕಂಡು ನಕ್ಕ ದಾದಿಗೆ, ಊರಿನಲ್ಲಿ ಕೊಡಿಸಿದ ನಾಟಿ ಔಷಧದ ವಿಷಯ ಎಂದಿಗೂ ತಿಳಿಯುವುದಿಲ್ಲ. ಮತ್ತೆ, ಮನೆಯಲ್ಲಿ ಮಾತು ನಡೆಯುವುದು ಯಾರದೆಂಬುದನ್ನೂ ಗಮನಿಸಬೇಕು. ಇಪ್ಪತ್ತು ವರ್ಷದ ತಾಯಿಗೆ ಹೇಳಿದ್ದನ್ನು ಚಾಪೆಯ ಮೇಲಿನ ಅಜ್ಜಿ ಒಪ್ಪದಿದ್ದರೆ ಅದು ಊರು ಮುಟ್ಟುವುದಿಲ್ಲ. ‘ಅಜ್ಜಿ, ನೀವೂ ಸ್ವಲ್ಪ ಕೇಳಿಸಿಕೊಳ್ಳಿ, ಮನೇಲಿ ನೋಡಿಕೊಳ್ಳೋರು ನೀವೇ ತಾನೆ’ ಎಂಬ ಒಂದು ಮಾತು ಆಕೆಯನ್ನು ದಾದಿಯ ಪಕ್ಷಕ್ಕೆ ತರಬಲ್ಲದು.

ಎಳೆಯ ಮಕ್ಕಳ ಕಾಯಿಲೆಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿ, ನಮ್ಮ ದೇಶವೂ ತನ್ನದಾಗಿಸಿಕೊಂಡ ತರಬೇತಿಯಲ್ಲಿ ತಾಯಿಯೊಡನೆ ಮಾತನಾಡುವ ಕ್ರಮವನ್ನು ಸೊಗಸಾಗಿ ಹೇಳಿದ್ದಾರೆ: ಮೊದಲು ಕೇಳು, ಸರಿಯಾಗಿ ಮಾಡಿದ್ದನ್ನು ಹೊಗಳು, ಆಮೇಲೆ ಸಲಹೆ ಕೊಡು, ಕೊನೆಗೆ ತಿಳಿಯಿತೇ ಎಂದು ಪರೀಕ್ಷಿಸು. ನಮ್ಮಲ್ಲಿ ಮೂರನೆಯದು ಧಾರಾಳ, ಉಳಿದ ಮೂರು ಅಪೂರ್ವ. ಭೇದಿಯಾದ ಮಗುವನ್ನು ಮನೆಗೆ ಕಳಿಸುವ ಹೊತ್ತು ಎಂದುಕೊಳ್ಳೋಣ. ‘ತಿಳೀತಾ?’ ಎಂದರೆ ಲೋಕದಲ್ಲಿ ಯಾವ ತಾಯಿಯೂ ‘ಇಲ್ಲ’ ಎನ್ನಳು.

‘ಈ ಪುಡಿ ಹೇಗೆ ಕಲಸ್ತೀರಿ, ಹೇಳಿ ಅಕ್ಕಾ.’

‘ಲೋಟದ ನೀರಿಗೆ ಹಾಕಿ ಕುಡಿಸ್ತೀನಿ.’

‘ಪೂರಾ ಪೊಟ್ಟಣಾನಾ?’

‘ಇಲ್ಲ, ಒಂದು ಚಮಚ. ಉಳಿದದ್ದು ನಾಳೆಗೆ.’

ಮೂರು ಸಲ ಹೇಳಿಕೊಟ್ಟದ್ದು ಎಲ್ಲಿಗೆ ಹೋಯಿತೆಂಬುದು ಈ ಪ್ರಶ್ನೆಯಿಂದಲೇ ಗೊತ್ತಾಗುವುದು. ದೊಡ್ಡ ಪೊಟ್ಟಣ ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ. ಕಲಸಿದ್ದು ಇಪ್ಪತ್ತನಾಲ್ಕು ಗಂಟೆ ಮಾತ್ರ. ನೀರು ಕಡಿಮೆಯಾದರೆ ಉಪ್ಪು ಅತಿಯಾಗಿ ಮಗುವಿಗೆ ಅಪಾಯ. ಹೆಚ್ಚಾದರೆ ಕೊಟ್ಟೂ ಪ್ರಯೋಜನವಿಲ್ಲ. ಸತುವಿನ ಮಾತ್ರೆ ಭೇದಿ ನಿಂತ ಮೇಲೂ ಹದಿನಾಲ್ಕು ದಿನ. ಮಗು ಕುಡಿಯದಾದರೆ, ಮಲದಲ್ಲಿ ರಕ್ತ ಕಂಡರೆ, ಕೂಡಲೇ ಮರಳಿ ಬರಬೇಕು. ಬೈದರೆ ತಾಯಿ ಮುಂದೆ ಏನನ್ನೂ ಕೇಳುವುದಿಲ್ಲ. ‘ಎದೆಹಾಲು ನಿಲ್ಲಿಸಲಿಲ್ಲವಲ್ಲ, ಬಹಳ ಒಳ್ಳೇದು ಮಾಡಿದಿರಿ’ ಎಂದು ಹೊಗಳಿ, ಅವಳದೇ ಮನೆಯ ಒಂದು ಲೀಟರಿನ ಬಾಟಲಿ ತರಿಸಿ, ಅವಳ ಕೈಯಿಂದಲೇ ಕಲಸಿಸಬೇಕು.

ಇಂಗ್ಲೆಂಡಿನ ಹಳೆಯ ನಿಯಮವನ್ನು ಕಂಡು ಬೆರಗಾದ ನಾವು ನಮ್ಮಲ್ಲಿಯೇ ಒಂದು ಬಾಗಿಲನ್ನು ಬಹುಕಾಲ ಮುಚ್ಚಿಟ್ಟಿದ್ದೆವು. ಅದು ತೂಕ ಕಡಿಮೆಯ, ತಿಂಗಳು ತುಂಬದ ಕೂಸುಗಳನ್ನಿಡುವ ಕೋಣೆ. ಸೋಂಕಿನ ಭಯದಿಂದ ತಾಯಿ ಹೊರಗೆ, ಗಾಜಿನ ಪೆಟ್ಟಿಗೆಯಲ್ಲಿ ಮಗು ಒಳಗೆ. 1978ರ ಸುಮಾರಿಗೆ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ವೈದ್ಯ ಎಡ್ಗರ್ ರೇ ಪೆಟ್ಟಿಗೆಗಳ ಅಭಾವದಿಂದಲೇ ಕೂಸನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದಾಗ, ಕಾಂಗರೂ ಪದ್ಧತಿ ಹುಟ್ಟಿತು. ನಮ್ಮ ದೇಶದಲ್ಲಿ ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯವರು ತಂದೆತಾಯಿಗಳನ್ನು ಆ ಕೋಣೆಯೊಳಕ್ಕೆ ಕರೆದು, ಕಲಿಸಿ, ಶುಶ್ರೂಷೆಯಲ್ಲಿ ಪಾಲು ಕೊಟ್ಟರು. 2017ರಲ್ಲಿ ಕೇಂದ್ರ ಸರಕಾರ ಇದನ್ನು ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿಯಾಗಿ ಹೊರಡಿಸಿತು. ಕೈ ತೊಳೆಯುವುದು, ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುವುದು, ಅಪಾಯದ ಚಿಹ್ನೆಗಳನ್ನು ಗುರುತಿಸುವುದು—ಇವನ್ನೆಲ್ಲ ಅಲ್ಲಿ ಹೇಳಿಕೊಡುವವಳು ದಾದಿ.

ಹಾಗೆ ಒಳಗೆ ಬಂದ ತಾಯಿ ಮೊದಲ ದಿನ ತನ್ನ ಕೂಸನ್ನು ಮುಟ್ಟಲೂ ಅಂಜುತ್ತಾಳೆ. ಒಂದು ಸೇರಿನಷ್ಟು ತೂಕ, ಮೈಗೆಲ್ಲ ತಂತಿ. ದಾದಿ ಅವಳ ಕೈಹಿಡಿದು ಕೂಸಿನ ತಲೆಯ ಮೇಲಿಡುತ್ತಾಳೆ. ತಂತಿಗಳಲ್ಲಿ ಯಾವುದು ಏತಕ್ಕೆಂದು ಒಂದೊಂದಾಗಿ ಹೇಳುತ್ತಾಳೆ. ನಾಲ್ಕನೆಯ ದಿನ ಪಾಳಿ ಬದಲಾಗುವ ಹೊತ್ತಿಗೆ, ಹೊಸದಾಗಿ ಬಂದ ದಾದಿ ಪಟ್ಟಿಯನ್ನು ತಿರುವಿ ನೋಡುವ ಮೊದಲು ತಾಯಿಯ ಕಡೆಗೆ ತಿರುಗಿ ಕೇಳುತ್ತಾಳೆ: ‘ರಾತ್ರಿ ಎಷ್ಟು ಸಲ ಹಾಲು ಕುಡಿದ, ನೀವು ಹೇಳಿ, ನಾನು ಬರೆದುಕೊಳ್ತೇನೆ.’